ಪದವಿನಲ್ಲಿ ಸೋಲಾರ್ ಬೇಡ ಅಂದರೆ ಅಭಿವೃದ್ಧಿ ವಿರೋಧಿಯಾ?

ಪದವಿನ ಬದಿಯವ

ನಮ್ಮ ಊರಿನ ಪದವಿನಲ್ಲಿ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ಗುಡ್ಡೆಯಲ್ಲಿ, ಸೋಲಾರ್ ಪಾರ್ಕ್ ಬರುತ್ತದೆ ಅಂತ ಸುದ್ದಿ. ಮಂಗಳೂರಿನಿಂದ ಬಹಳ ದೂರ ಏನಿಲ್ಲ. ಊರಿನ ಹೆಸರು ಇಲ್ಲಿ ಹಾಕುವುದಿಲ್ಲ, ಜಗಳ ಈಗಾಗಲೇ ಸಾಕಷ್ಟು ಆಗಿದೆ. ಸರ್ವೆಯವರು ಬಂದು ಮುರಕಲ್ಲಿನ ಮೇಲೆ ಕೆಂಪು ಗುರುತು ಹಾಕಿ ಹೋದರು. ಪಂಚಾಯತಿನಲ್ಲಿ ಕೇಳಿದರೆ ನಮಗೆ ಕಾಗದ ಬಂದಿಲ್ಲ ಅನ್ನುತ್ತಾರೆ. ಮೇಲಿನ ಕಚೇರಿಯಲ್ಲಿ ಕೇಳಿದರೆ ಪಂಚಾಯತಿನಲ್ಲೇ ವಿಚಾರಿಸಿ ಅನ್ನುತ್ತಾರೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಂಗಡ ಆಗಿದೆ. ಬೇಡ ಅಂದವರಿಗೆ "ನಿಮ್ಮ ಮನೆಯ ಮಿಕ್ಸಿ ಯಾವುದರಲ್ಲಿ ತಿರುಗುತ್ತದೆ" ಅಂತ ಕೇಳುತ್ತಾರೆ. ಬೇಕು ಅಂದವರಿಗೆ "ನಿಮಗೆಷ್ಟು ಸಿಕ್ಕಿತು" ಅಂತ ಕೇಳುತ್ತಾರೆ. ಇಷ್ಟೇ ಚರ್ಚೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನೆ ಮೇಲೆ ಪ್ಯಾನೆಲ್ ಉಂಟು. ಸೋಲಾರ್ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು "ಅದು ಪಾಳು ಜಾಗ ಅಲ್ವಾ" ಅನ್ನುವ ಮಾತಿನ ಮೇಲೆ. ಬೇಸಿಗೆಯಲ್ಲಿ ಕಾರಿನಿಂದ ಇಳಿದು ನೋಡಿದವರಿಗೆ ಪದವು ಬರೀ ಕಲ್ಲು. ಜೂನ್ ಕಳೆದ ಮೇಲೆ ಬಂದು ನೋಡಿ. ಕಾಲಿಡಲು ಜಾಗ ಇಲ್ಲದಷ್ಟು ಹುಲ್ಲು, ಹೂವು, ಕಪ್ಪೆ. ಊರಿನ ದನ ಮೇಯುವುದು ಅಲ್ಲಿ. ಹಿಂದೆ ಮಾಡಿಗೆ (ಮನೆಯ ಛಾವಣಿಗೆ) ಹೊದೆಸುವ ಮುಳಿಹುಲ್ಲು ತರುತ್ತಿದ್ದದ್ದು ಅಲ್ಲಿಂದ. ಅದಕ್ಕಿಂತ ಮುಖ್ಯ ನೀರು. ಪದವಿನ ಮೇಲೆ ಬಿದ್ದ ಮಳೆ ಮದಕದಲ್ಲಿ (ಮಳೆನೀರಿನ ಕೆರೆಯಲ್ಲಿ) ನಿಂತು, ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗೆ ಬೈಲಿನ ಬಾವಿಗೆ ಬರುತ್ತದೆ. ನಮ್ಮ ತೋಟಕ್ಕೆ ಬೇಸಿಗೆಯಲ್ಲೂ ಸುರಂಗದ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆದ ಬಿಲದ, ನೀರು ಬರುತ್ತದೆ. ಮೇಲೆ ಜೆಸಿಬಿ ಹತ್ತಿಸಿ ಸಮ ಮಾಡಿದರೆ ಆ ನೀರು ಎಲ್ಲಿ ಹೋಗುತ್ತದೆ ಅಂತ ಕೇಳಿದವರಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಸೋಲಾರ್ ಪ್ಯಾನೆಲ್ ಯೋಜನೆಗೂ ಗಾಳಿ ವಿದ್ಯುತ್ತಿಗೂ ಪರಿಸರ ಅನುಮತಿ ಬೇಕಾಗಿಲ್ಲ. ಅನುಮತಿ ಬೇಡ ಅಂದರೆ ಅಧ್ಯಯನ ಬೇಡ, ಜನರನ್ನು ಕೂರಿಸಿ ಕೇಳುವ ಸಾರ್ವಜನಿಕ ವಿಚಾರಣೆಯೂ ಬೇಡ. ಕಲ್ಲಿದ್ದಲಿನವರಾದರೆ ನಾಟಕಕ್ಕಾದರೂ ಶಾಮಿಯಾನ ಹಾಕಿ ಕೂರಿಸಬೇಕು. ಇಲ್ಲಿ ಅದೂ ಇಲ್ಲ. ಕೇಳುವ ಜಾಗವೇ ಇಲ್ಲದಿದ್ದರೆ ಜನ ರಸ್ತೆಯಲ್ಲಿ ಕೂಗುತ್ತಾರೆ, ಮತ್ತೆ ಅವರಿಗೆ ಅಭಿವೃದ್ಧಿ ವಿರೋಧಿ ಅಂತ ಹೆಸರು ಬರುತ್ತದೆ.

ಬೇರೆ ಊರಿನವರ ಅನುಭವ ಏನು? ಬೈಯುವವರೂ ಬೈಯಿರಿ, ಆದರೆ ಕಾರಣ ಹೇಳಿ ಬೈಯಿರಿ.

ಮಣಿಪಾಲದ ಇಂಜಿನಿಯರ್

ಕಾರಣ ಹೇಳಿಯೇ ಬೈಯುತ್ತೇನೆ 😀

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ಯಾವ ವಿದ್ಯುತ್ ಯೋಜನೆಗೆ ವಿರೋಧ ಆಗಿಲ್ಲ ಹೇಳಿ. 90ರ ದಶಕದಲ್ಲಿ ಕೊಜೆಂಟ್ರಿಕ್ಸ್ ಕಂಪನಿಯ ಕಲ್ಲಿದ್ದಲು ಸ್ಥಾವರ ಬೇಡ ಅಂದೆವು, 1999ರಲ್ಲಿ ಅವರು ಗಂಟುಮೂಟೆ ಕಟ್ಟಿದರು. ನಂದಿಕೂರಿನ ಸ್ಥಾವರ ಬೇಡ ಅಂದೆವು, ಆದರೂ ಅಲ್ಲೇ ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಬಂತು. ಹೊಳೆಗೆ ಅಣೆಕಟ್ಟು ಬೇಡ. ಲೈನ್ ಬೇಡ. ಈಗ ಸೋಲಾರ್ ಸಹ ಬೇಡ. 2023ರ ಅಕ್ಟೋಬರ್ ನೆನಪಿದೆಯಾ? ಮಳೆ ಕೈಕೊಟ್ಟು ರಾಜ್ಯದಲ್ಲಿ ವಿದ್ಯುತ್ ಸಾಲದೆ ರೈತರ ಪಂಪಿಗೆ ಲೋಡ್ ಶೆಡ್ಡಿಂಗ್ ಆಯಿತು. ಆಗ ಮೊದಲು ಬೊಬ್ಬೆ ಹೊಡೆದದ್ದು ಯಾರು?

ಭೂಮಿ ಬಿಸಿ ಆಗುತ್ತಿರುವುದು ಸುಳ್ಳಲ್ಲ. ಕಲ್ಲಿದ್ದಲು ಬಿಡಬೇಕಾದರೆ ಎಲ್ಲೋ ಒಂದು ಕಡೆ ಪ್ಯಾನೆಲ್ ಹಾಕಲೇಬೇಕು. ಬಯಲುಸೀಮೆಯವರು ಮಾತ್ರ ಜಾಗ ಕೊಡಬೇಕು, ನಾವು ಎಸಿ ಹಾಕಿ ಮಲಗಬೇಕು ಅಂದರೆ ಅದು ನ್ಯಾಯವಾ?

ಪಡುಬಿದ್ರಿ ಕಡೆಯವ

ಇಂಜಿನಿಯರ್ ಸರ್, ಎಲ್ಲೂರಿನ ಹೆಸರು ತೆಗೆದಿರಿ, ಅದನ್ನು ಪೂರ್ತಿ ಹೇಳಿ. ಬೂದಿ, ಉಪ್ಪುನೀರು, ಮಲ್ಲಿಗೆ ತೋಟ ಅಂತ ಜನ ವರ್ಷಗಟ್ಟಲೆ ಹೇಳುತ್ತಿದ್ದಾಗ ಅವರಿಗೂ ಅಭಿವೃದ್ಧಿ ವಿರೋಧಿ ಅಂತಲೇ ಹೆಸರು ಇತ್ತು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಅಂತ ಆದೇಶ ಮಾಡಿತು. ಅಂದರೆ ವಿರೋಧ ಮಾಡಿದವರು ಸುಮ್ನೆ ಕೂಗಿದ್ದಲ್ಲ.

ಹಾಗೆ ನೋಡಿದರೆ ಕಲ್ಲಿದ್ದಲು ಹೋಗಿ ಸೋಲಾರ್ ಬರಲಿ ಅಂತ ಎಲ್ಲರಿಗಿಂತ ಮೊದಲು ಹೇಳುವವರು ನಾವೇ. ಆದರೆ ಒಮ್ಮೆ ನಂಬಿ ಕೆಟ್ಟ ಊರಿನವರು ಎರಡನೇ ಸಲ ಬರೀ ಬಾಯಿಮಾತು ನಂಬುವುದಿಲ್ಲ. ನಿಮ್ಮ ಯೋಜನೆ ಎಷ್ಟು ಹಸಿರು ಇದ್ದರೂ ಅಷ್ಟೇ.

ಅಡಿಕೆ ತೋಟದವಳು

ನಾನು ಪ್ಯಾನೆಲ್ ಅಲ್ಲ, ಲೈನ್ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ಎಲ್ಲೋ ಉತ್ಪಾದನೆ ಆದದ್ದು ಇನ್ನೆಲ್ಲೋ ಹೋಗಬೇಕಾದರೆ ನಡುವೆ ಇರುವುದು ನಮ್ಮ ತೋಟ.

400 ಕೆವಿ ಲೈನ್ ಅಂದರೆ 46 ಮೀಟರ್ ಅಗಲದ ದಾರಿ. ಅದರ ಅಡಿಯಲ್ಲಿ ಎತ್ತರದ ಮರ ಇರಬಾರದು. ಬಯಲುಸೀಮೆಯಲ್ಲಿ ಲೈನಿನ ಅಡಿಯಲ್ಲಿ ರಾಗಿ ಬೆಳೆಯಬಹುದು, ಶೇಂಗಾ ಬೆಳೆಯಬಹುದು. ನಮ್ಮಲ್ಲಿ ಏನು ಬೆಳೆಯುವುದು? ಅಡಿಕೆ, ತೆಂಗು, ಅದಕ್ಕೆ ಹಬ್ಬಿದ ಕಾಳುಮೆಣಸು. ಎಲ್ಲವೂ ಆಕಾಶಕ್ಕೆ ಹೋಗುವ ಬೆಳೆ. ಕಡಿದರೆ ಕಡಿದದ್ದೇ. ಸಸಿ ನೆಟ್ಟು ಫಸಲು ಕೈಗೆ ಬರಬೇಕಾದರೆ ಐದಾರು ವರ್ಷ, ಒಳ್ಳೆ ಫಸಲಿಗೆ ಇನ್ನೂ ಜಾಸ್ತಿ. ಅದೂ ಬೇರೆ ಜಾಗ ಇದ್ದರೆ. ಎರಡು ಎಕರೆ ತೋಟದ ನಡುವೆ 46 ಮೀಟರ್ ಹೋದರೆ ಉಳಿಯುವುದೇನು, ನೀವೇ ಲೆಕ್ಕ ಹಾಕಿ.

ಕಾನೂನು ಇನ್ನೂ ಚಂದ ಉಂಟು. ವಿದ್ಯುತ್ ಕಾಯ್ದೆ 2003ರ 164ನೇ ಸೆಕ್ಷನ್ ಪ್ರಕಾರ ಲೈನ್ ಹಾಕುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಹೌದು, 1885. ಆ ಅಧಿಕಾರ ಸಿಕ್ಕಿದ ಮೇಲೆ ಜಾಗ ಸ್ವಾಧೀನ ಮಾಡಬೇಕಾಗಿಯೇ ಇಲ್ಲ. ಆರ್‌ಟಿಸಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ, ತೆರಿಗೆ ನೀವೇ ಕಟ್ಟಬೇಕು, ಟವರ್ ಅವರದ್ದು. ಅಡ್ಡ ಮಾಡಿದರೆ ಜಿಲ್ಲಾಧಿಕಾರಿಯಿಂದ ಆದೇಶ ತಂದು ಕೆಲಸ ಮಾಡುತ್ತಾರೆ. ಪರಿಹಾರ ಕಡಿಮೆ ಆಯಿತು ಅಂತ ಅನಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಅಂತ ಹೇಳುತ್ತಾರೆ.

ನಮ್ಮ ಮನೆಗೆ ನೋಟಿಸ್ ಬಂದ ದಿನ ಅತ್ತೆ ಕೇಳಿದ್ದು ಒಂದೇ, "ಈ ಕರೆಂಟು ನಮ್ಮ ಊರಿಗಾ?" ಅಲ್ಲ ಅಂದೆ. ಮತ್ತೆ ಅವರು ಮಾತಾಡಲಿಲ್ಲ, ಸೀದಾ ತೋಟಕ್ಕೆ ಹೋದರು.

ಮಣಿಪಾಲದ ಇಂಜಿನಿಯರ್

ಅಕ್ಕ, ನಿಮ್ಮ ನೋವು ಅರ್ಥ ಆಗುತ್ತದೆ. ಉಡುಪಿ-ಕಾಸರಗೋಡು 400 ಕೆವಿ ಲೈನಿಗೆ ಕಾರ್ಕಳ, ಬಂಟ್ವಾಳ ಕಡೆ ಕೃಷಿಕರ ವಿರೋಧ ಆದದ್ದು ಗೊತ್ತಿದೆ. ಆದರೆ ಪರಿಹಾರದ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮಿ ಬೆಲೆಯ ಶೇ. 85, ತಂತಿಯ ಅಡಿಯ ಜಾಗಕ್ಕೆ ಹೆಚ್ಚೆಂದರೆ ಶೇ. 15 ಇತ್ತು. 2024ರ ಜೂನ್‌ನಲ್ಲಿ ಅದನ್ನು ಟವರ್ ಜಾಗಕ್ಕೆ ಶೇ. 200, ತಂತಿ ಅಡಿಯ ಜಾಗಕ್ಕೆ ಶೇ. 30 ಮಾಡಿದ್ದಾರೆ. ಅದನ್ನು ಹಿಡಿದು ಕೇಳಿ.

ಅಡಿಕೆ ತೋಟದವಳು

ಶೇಕಡಾ ಯಾವುದರ ಮೇಲೆ ಸರ್? ಸರಕಾರದ ಮಾರ್ಗಸೂಚಿ ಬೆಲೆಯ ಮೇಲೋ, ಪೇಟೆ ಬೆಲೆಯ ಮೇಲೋ? ಅಲ್ಲೇ ಎಲ್ಲ ಜಗಳ ಇರುವುದು. ಕಾಗದದ ಬೆಲೆಯಲ್ಲಿ ನಮ್ಮೂರಿನಲ್ಲಿ ಕೋಳಿಗೂಡಿಗೂ ಜಾಗ ಸಿಗುವುದಿಲ್ಲ.

ನಿವೃತ್ತ ಲೈನ್‌ಮ್ಯಾನ್

ನಾನು ಮೂವತ್ತು ಚಿಲ್ಲರೆ ವರ್ಷ ಕಂಬ ಹತ್ತಿದವ. ಎರಡು ಮಾತು ಹೇಳುತ್ತೇನೆ.

ಒಂದು, ಲೈನ್ ಅಂದರೆ ಎಲ್ಲ ಒಂದೇ ಅಲ್ಲ. ಸಣ್ಣ ಸೋಲಾರ್ ಯೋಜನೆ, ಒಂದೆರಡು ಮೆಗಾವ್ಯಾಟಿನದ್ದು, ಹತ್ತಿರದ ಸಬ್‌ಸ್ಟೇಷನ್ನಿಗೆ 11 ಕೆವಿಯಲ್ಲಿ ಸೇರಿಸಬಹುದು. ಅದಕ್ಕೆ ರಸ್ತೆ ಬದಿಯ ಮಾಮೂಲಿ ಕಂಬ ಸಾಕು, ಆ ದೈತ್ಯ ಟವರ್ ಬೇಡ. ಆ ಕರೆಂಟು ಅಲ್ಲೇ ಸುತ್ತಮುತ್ತಲಿನ ಪಂಪಿಗೆ, ಮನೆಗೆ ಖರ್ಚಾಗುತ್ತದೆ. ಕೃಷಿ ಪಂಪಿಗೆ ಸೋಲಾರ್ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿಗೆ) ಸೋಲಾರ್ ಮಾಡುವುದು ಇದೇ ಲೆಕ್ಕ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಮೆಗಾವ್ಯಾಟ್, ಯಾವ ಸಬ್‌ಸ್ಟೇಷನ್, ಎಷ್ಟು ಕೆವಿ. ಈ ಮೂರು ಗೊತ್ತಾದರೆ ಅರ್ಧ ಕತೆ ಗೊತ್ತಾಯಿತು.

ಎರಡು, ನೆಲದಡಿ ಕೇಬಲ್ ಆಗುವುದೇ ಇಲ್ಲ ಅನ್ನುವುದು ಸುಳ್ಳು. ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶೂರಿಗೆ ಬಂದ 2000 ಮೆಗಾವ್ಯಾಟಿನ ಡಿಸಿ ಲೈನಿನಲ್ಲಿ ಕೇರಳದ ಒಳಗೆ ಸುಮಾರು 27 ಕಿಲೋಮೀಟರ್ ನೆಲದಡಿಯೇ ಹೋಗಿದೆ. 2021ರಲ್ಲಿ ಚಾಲೂ ಆಯಿತು. ಅಲ್ಲಿಯ ಜನ ಜಾಗ ಬಿಡುವುದಿಲ್ಲ ಅಂದರು, ಕೇಬಲ್ ಹೂತರು. ಖರ್ಚು ತುಂಬ ಜಾಸ್ತಿ, ಅದು ನಿಜ. ಎಸಿ ಲೈನಿನಲ್ಲಿ ಉದ್ದ ಹೆಚ್ಚಾದಷ್ಟು ತಾಂತ್ರಿಕ ತೊಂದರೆಯೂ ಇದೆ, ಅದೂ ನಿಜ. ಆದರೆ ಆಗುವುದಿಲ್ಲ ಅನ್ನುವುದು ಬೇರೆ, ದುಡ್ಡು ಹಾಕುವುದಿಲ್ಲ ಅನ್ನುವುದು ಬೇರೆ.

ಮಾರಾಯ್ರೇ

ಇದೆಲ್ಲ ಕಮಿಷನ್ ಆಟ. ಪಾಲು ಸಿಗುವವರೆಗೆ ಹೋರಾಟ, ಸಿಕ್ಕಿದ ಮೇಲೆ ಉದ್ಘಾಟನೆ. ಎಷ್ಟು ನೋಡಿಲ್ಲ ನಾವು.

ಕುಮಾರಧಾರ ದಡದವ

ಮೇಲಿನವರ ಮಾತಿಗೆ ಉತ್ತರ ಕೊಟ್ಟು ಪ್ರಯೋಜನ ಇಲ್ಲ. ಮುಂದಕ್ಕೆ ಹೋಗೋಣ.

ಹಸಿರು ಅನ್ನುವ ಲೇಬಲ್ ಹಚ್ಚಿ ನಮ್ಮ ಕಡೆ ಮೊದಲು ಬಂದದ್ದು ಸೋಲಾರ್ ಅಲ್ಲ, ಮಿನಿ ಹೈಡೆಲ್, ಅಂದರೆ ಹೊಳೆ ನೀರಿನ ವಿದ್ಯುತ್ ಯೋಜನೆ. 25 ಮೆಗಾವ್ಯಾಟಿಗಿಂತ ಕಡಿಮೆ ಇದ್ದರೆ 2006ರ ಅಧಿಸೂಚನೆಯ ಪರಿಸರ ಅನುಮತಿ ಬೇಡ. ಈಗ ಘಟ್ಟದ ಬುಡದ ಹೊಳೆಗಳಿಗೆ ಬಂದ ಪ್ರಸ್ತಾವಗಳ ಸಾಮರ್ಥ್ಯ ನೋಡಿ, 24, 24 ಮುಕ್ಕಾಲು. ಎಷ್ಟು ಸರಿಯಾಗಿ ಹೊಳೆಗೆ ಕಾನೂನು ಗೊತ್ತುಂಟು ನೋಡಿ!

ಮಿನಿ ಅಂದರೆ ಸಣ್ಣದು ಅಂತ ಜನ ತಿಳಿಯುತ್ತಾರೆ. ಒಂದು ಹೊಳೆಯಲ್ಲಿ ಒಂದರ ಕೆಳಗೆ ಒಂದು ಕಟ್ಟಿದರೆ ನಡುವಿನ ಹೊಳೆ ಬೇಸಿಗೆಯಲ್ಲಿ ಒಣ ಕಲ್ಲು. ನೀರು ಪೈಪಿನಲ್ಲಿ ಹೋಗುತ್ತದೆ. ಮೀನು ಮೇಲೆ ಹತ್ತುವುದಿಲ್ಲ. ತೋಟಕ್ಕೆ ಕಟ್ಟ (ಹೊಳೆಗೆ ಅಡ್ಡ ಮಣ್ಣಿನ ಒಡ್ಡು) ಕಟ್ಟುವವರಿಗೆ ನೀರಿಲ್ಲ. ರಸ್ತೆ ಮಾಡಲು ಗುಡ್ಡೆ ಕಡಿದದ್ದು ಮಳೆಗಾಲದಲ್ಲಿ ಕುಸಿದು ಹೊಳೆಗೇ ಬೀಳುತ್ತದೆ. ಇದನ್ನೆಲ್ಲ ನಾವು ಹೇಳಿದಾಗಲೂ "ಹೊಗೆ ಇಲ್ಲ, ಬೂದಿ ಇಲ್ಲ, ಎಂತಕ್ಕೆ ವಿರೋಧ" ಅಂತ ಕೇಳಿದರು. ಗುಂಡ್ಯದ 200 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆ ಬೇಡ ಅಂತ 2011ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಅಧ್ಯಯನ ಮಾಡಿದ ಗಾಡ್ಗೀಳ್ ಸಮಿತಿಯ ವರದಿಯಲ್ಲೇ ಬಂತು. ಅದಕ್ಕೆ ಮೊದಲು ಅದೇ ಮಾತು ಹೇಳಿದ ಊರಿನವರಿಗೆ ಬೆಲೆ ಇರಲಿಲ್ಲ. ಪ್ರೊಫೆಸರ್ ಹೇಳಿದರೆ ವಿಜ್ಞಾನ, ನಾವು ಹೇಳಿದರೆ ಅಡ್ಡಗಾಲು.

ಕುಂದಾಪ್ರದವಳು

ಹೊಳೆ ಬಗ್ಗೆ ಹೇಳಿದ್ದಕ್ಕೆ ನಾನೂ ಸೇರಿಸುತ್ತೇನೆ. ನಮ್ಮ ಹೊಸಂಗಡಿಯಲ್ಲಿ ನೆಲದಡಿಯೇ ವಾರಾಹಿ ವಿದ್ಯುದಾಗಾರ ಉಂಟು, 460 ಮೆಗಾವ್ಯಾಟ್. ಅದು ಹಳೇ ಕತೆ. ಈಗಿನ ಸುದ್ದಿ ಶರಾವತಿ ಪಂಪ್ಡ್ ಸ್ಟೋರೇಜ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಧ್ಯಾಹ್ನ ಸೋಲಾರ್ ಕರೆಂಟು ಹೆಚ್ಚಾಗಿ ಉಳಿಯುತ್ತದಲ್ಲ, ಅದರಿಂದ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಎತ್ತುವುದು, ಸಂಜೆ ಎಲ್ಲರೂ ದೀಪ ಹಾಕುವಾಗ ಮತ್ತೆ ಕೆಳಗೆ ಬಿಡುವುದು. 2000 ಮೆಗಾವ್ಯಾಟ್. ಎತ್ತಲು 100 ಯೂನಿಟ್ ಖರ್ಚು ಮಾಡಿದರೆ ವಾಪಸ್ ಬರುವುದು 75-80. ಜಾಗ ಯಾವುದು ಅಂದರೆ ಸಿಂಗಳೀಕಗಳ ಅಭಯಾರಣ್ಯ. ಎಂತ ಹೇಳುವುದು ಮಾರಾಯ್ರೆ. ಕಾಡು ಉಳಿಸಲು ಸೋಲಾರ್, ಸೋಲಾರ್ ಉಳಿಸಲು ಕಾಡು ಕಡಿಯುವುದು.

ಮಣಿಪಾಲದ ಇಂಜಿನಿಯರ್

ಇದಕ್ಕೆ ಸ್ವಲ್ಪ ತಕರಾರು ಇದೆ. ಸೂರ್ಯ ಸಂಜೆ ಆರೂವರೆಗೆ ಮುಳುಗುತ್ತಾನೆ, ನಮ್ಮ ಬಳಕೆ ಅಲ್ಲಿಂದ ಏರುತ್ತದೆ. ಕೂಡಿಡುವ ವ್ಯವಸ್ಥೆ ಇಲ್ಲದೆ ಎಷ್ಟು ಪ್ಯಾನೆಲ್ ಹಾಕಿದರೂ ರಾತ್ರಿ ಕಲ್ಲಿದ್ದಲೇ ಗತಿ. ಬ್ಯಾಟರಿ ಬೆಲೆ ಇಳಿಯುತ್ತಿದೆ, ಒಪ್ಪುತ್ತೇನೆ. ಶರಾವತಿಗೆ ಆ ಜಾಗವೇ ಬೇಕಾ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಸ್ಟೋರೇಜೇ ಬೇಡ ಅನ್ನುವುದಾದರೆ ಎಲ್ಲೂರು ಮುಚ್ಚಿ ಅನ್ನುವ ಹಕ್ಕೂ ನಮಗೆ ಇರುವುದಿಲ್ಲ.

ಗಾಳಿ ವಿದ್ಯುತ್ ಯಾಕೆ ಬೇಡ ಅಂತ ಒಬ್ಬರು ಇನ್‌ಬಾಕ್ಸಿನಲ್ಲಿ ಕೇಳಿದ್ದರು. ಕರಾವಳಿಯಲ್ಲಿ ಆ ಮಟ್ಟದ ಗಾಳಿ ಇಲ್ಲ. ರಾಜ್ಯದಲ್ಲಿ ಅದು ಗದಗ, ಚಿತ್ರದುರ್ಗ, ಕೊಪ್ಪಳದ ಕಡೆಯದ್ದು. ಸಮುದ್ರದೊಳಗಿನ ಗಾಳಿಗೆ ದೇಶದಲ್ಲಿ ಗುರುತು ಮಾಡಿದ್ದು ಗುಜರಾತ್ ಮತ್ತು ತಮಿಳುನಾಡಿನ ತೀರ.

ಪಾವಗಡದಲ್ಲಿದ್ದವ

ನಾನು ಮೂಲ್ಕಿಯವ, ಕೆಲಸದ ಮೇಲೆ ಪಾವಗಡ ಸೋಲಾರ್ ಪಾರ್ಕಿನ ಬದಿಯಲ್ಲಿ ಕೆಲವು ಕಾಲ ಇದ್ದೆ. ಅಲ್ಲಿ ಆದದ್ದು ನೋಡಿ ಇಲ್ಲಿಗೆ ಅದನ್ನೇ ತರುತ್ತೇವೆ ಅನ್ನುವವರಿಗೆ ಇದು.

ಅಲ್ಲಿ ಸುಮಾರು 13,000 ಎಕರೆ, ಐದು ಊರು, 2050 ಮೆಗಾವ್ಯಾಟ್. ಜಾಗ ಕೊಂಡುಕೊಳ್ಳಲಿಲ್ಲ, ಭೋಗ್ಯಕ್ಕೆ ತಗೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಇಲ್ಲದ ಊರು, ಬೆಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡ ಹಿಡುವಳಿ ಇದ್ದವರು ಖುಷಿಯಾದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜಾಗ ಇಲ್ಲದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಹೊಲವೇ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ವಾಚ್‌ಮ್ಯಾನ್, ಇಂಥ ಕೆಲಸ ಸಿಕ್ಕಿದವರು ಕೆಲವರು ಮಾತ್ರ.

ಈಗ ನಮ್ಮ ಕಡೆಗೆ ಬನ್ನಿ. 1974ರ ಭೂಸುಧಾರಣೆಯ ಮೇಲೆ ಗೇಣಿದಾರರು ಒಡೆಯರಾದ ಜಿಲ್ಲೆ ಇದು, ಹಿಡುವಳಿ ಸಣ್ಣಸಣ್ಣದು. ಒಂದೇ ಕಡೆ ನೂರು ಎಕರೆ ಬೇಕಾದರೆ ಖಾಸಗಿ ಜಾಗ ಸಿಗುವುದಿಲ್ಲ, ಹಾಗಾಗಿ ಕಣ್ಣು ಬೀಳುವುದು ಸರಕಾರಿ ಜಾಗದ ಮೇಲೆ, ಅಂದರೆ ಪದವಿನ ಮೇಲೆ. ಅಲ್ಲಿ ಬಾಡಿಗೆ ಹಳ್ಳಿಯವರಿಗೂ ಇಲ್ಲ. ಅಷ್ಟು ವ್ಯತ್ಯಾಸ ಗಮನಿಸಿ.

ಪದವಿನ ಬದಿಯವ

ಮೂಲ್ಕಿಯವರು ಹೇಳಿದ್ದು ನನಗೆ ಸರಿಯಾಗಿ ತಟ್ಟಿತು. ನಮ್ಮಲ್ಲಿ ಇನ್ನೂ ಒಂದು ಗೋಜಲು ಉಂಟು, ಕುಮ್ಕಿ. ವರ್ಗ (ಪಟ್ಟಾ) ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತರುವ ಸವಲತ್ತು ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಆದರೆ ದಾಖಲೆಯಲ್ಲಿ ಅದು ಸರಕಾರದ್ದೇ. ಈ ಯೋಜನೆಗೆ ಕುಮ್ಕಿ ಜಾಗ ಹೋದರೆ ಪರಿಹಾರ ಸಿಗುತ್ತದಾ ಅಂತ ಕೇಳಿದೆ. "ನಿಮ್ಮ ಜಾಗವೇ ಅಲ್ಲ, ಪರಿಹಾರ ಎಂತದ್ದು" ಅಂದರು. ತಲೆತಲಾಂತರದಿಂದ ತೋಟಕ್ಕೆ ಸೊಪ್ಪು ತಂದ ಗುಡ್ಡೆ ಒಂದು ದಿನ ಬೆಳಿಗ್ಗೆ ಬೇಲಿಯ ಆಚೆ ಹೋಗುತ್ತದೆ.

ಇಂಜಿನಿಯರರ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಎಲ್ಲಿ ಹಾಕುವುದು? ನಾನು ಹೇಳುವುದು, ಮೊದಲು ಮಾಡಿನ ಮೇಲೆ. ಅದು ತುಂಬಿದ ಮೇಲೆ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಮೇಲೆ. ಕಲ್ಲು ತೆಗೆದು ಬಿಟ್ಟ ಹಳೇ ಮುರಕಲ್ಲು ಕೋರೆಗಳಿವೆಯಲ್ಲ, ಅವುಗಳ ಮೇಲೆ. ಜೀವ ಇರುವ ಪದವಿಗೆ ಕೊನೆಯಲ್ಲಿ ಬನ್ನಿ.

ಶೀಟ್ ಮಾಡಿನ ಮನೆ

ಮಾಡಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ, ಇಷ್ಟು ಹೊತ್ತು ಓದುತ್ತಿದ್ದೆ.

ಕರಾವಳಿಯಲ್ಲಿ ಮಳೆಗೆ ಹೆದರಿ ಎಷ್ಟು ಜನ ಟೆರೇಸಿನ ಮೇಲೆ ಮತ್ತೆ ಶೀಟ್ ಹಾಕಿಸಿದ್ದಾರೆ ನೋಡಿ. ಆ ಶೀಟಿನ ಮೇಲೆಯೇ ಪ್ಯಾನೆಲ್ ಕೂರುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ನಾವು 3 ಹಾಕಿಸಿದ್ದೇವೆ. ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಆಸುಪಾಸು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮೋಡ ಕವಿದು ಕೂತ ದಿನ ಅದರ ಅರ್ಧವೂ ಇಲ್ಲ. ಮಾರಾಟ ಮಾಡುವವರು ಈ ಮಾತು ಹೇಳುವುದಿಲ್ಲ. ಹೆಚ್ಚಾದದ್ದು ಗ್ರಿಡ್ಡಿಗೆ ಹೋಗಿ ಬಿಲ್ಲಿನಲ್ಲಿ ಕಳೆಯುತ್ತದೆ.

ಆದರೆ ಬಡವರ ಮನೆ ಹಂಚಿನದ್ದು, ಸುತ್ತ ತೆಂಗಿನ ನೆರಳು, ಕೈಯಲ್ಲಿ ಮುಂಗಡ ಹಣ ಇಲ್ಲ. ಅವರಿಗೆ ಮಾಡಿನ ಸೋಲಾರ್ ಅಂತ ಹೇಳುವುದು ಸುಲಭ. ಇಲ್ಲಿ ಬ್ಯಾಂಕಿನವರ ಕೆಲಸ ಉಂಟು. 1995ರಲ್ಲಿ ಹರೀಶ್ ಹಂದೆಯವರು ಸೋಲಾರ್ ಕಂಪನಿ ಸೆಲ್ಕೋ ಶುರು ಮಾಡಿದ ಕಾಲದಲ್ಲಿ ಇದೇ ನಮ್ಮ ಹಳ್ಳಿಗಳಲ್ಲಿ ಸಾಲ ಕೊಡಿಸಿ, ಕಂತು ಕಟ್ಟಿಸಿ ಸೋಲಾರ್ ದೀಪ ಹಾಕಿಸಿದ್ದು. ಕರೆಂಟು ಕಂಬವೇ ಇಲ್ಲದ ಮನೆಗಳಿಗೆ. ಆಗ ಯಾರೂ ವಿರೋಧ ಮಾಡಲಿಲ್ಲ, ಯಾಕೆಂದರೆ ದೀಪ ಉರಿದದ್ದು ಅವರದ್ದೇ ಮನೆಯಲ್ಲಿ.

ಮಣಿಪಾಲದ ಇಂಜಿನಿಯರ್

ಮಾಡು ಸಾಲುವುದಿಲ್ಲ ಅನ್ನುವುದು ನನ್ನ ವಾದ. ಮನೆಗೆ ಸಾಕು, ಕಾರ್ಖಾನೆಗೆ, ಆಸ್ಪತ್ರೆಗೆ, ಮಂಜುಗಡ್ಡೆ ಫ್ಯಾಕ್ಟರಿಗೆ ಸಾಲುವುದಿಲ್ಲ. ಆದರೂ ಹಳೇ ಕೋರೆಗಳ ಮಾತು ಒಳ್ಳೆಯದು. ನೆಲದ ಮೇಲೆ 1 ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ಹಾಗೆ ಲೆಕ್ಕ ಹಾಕಿದರೆ ಒಂದೊಂದು ಗ್ರಾಮದಲ್ಲಿ ಒಂದೆರಡು ಮೆಗಾವ್ಯಾಟಿಗೆ ಜಾಗ ಸಿಗಬಹುದು, ಲೈನ್‌ಮ್ಯಾನ್ ಅಣ್ಣ ಹೇಳಿದ ಹಾಗೆ 11 ಕೆವಿಯಲ್ಲೇ ಸೇರಿಸಬಹುದು. ದೊಡ್ಡ ಕಂಪನಿಗೆ ಇದರಲ್ಲಿ ಆಸಕ್ತಿ ಇರುವುದಿಲ್ಲ, ಅದು ಬೇರೆ ವಿಷಯ.

ನಿವೃತ್ತ ಲೈನ್‌ಮ್ಯಾನ್

ಕಂಪನಿ ಯಾಕೆ ಬೇಕು? ನಮ್ಮ ಹಾಲಿನ ಡಿಪೋ, ವ್ಯವಸಾಯ ಸೇವಾ ಸಹಕಾರಿ ಸಂಘ ನಡೆಸುವವರು ಇದನ್ನೂ ನಡೆಸಲಿ. ಗೋದಾಮಿನ ಮಾಡು ಖಾಲಿಯೇ ಇದೆ.

ಅಡಿಕೆ ತೋಟದವಳು

ಅದು ಆಗುವುದಾದರೆ ಮೊದಲ ಶೇರು ನನ್ನದು. ಆದರೆ ಟವರ್ ವಿಷಯ ಇದರಲ್ಲಿ ಮುಚ್ಚಿಹೋಗಬಾರದು.

ಪದವಿನ ಬದಿಯವ

ಮುಚ್ಚಿಹೋಗುವುದಿಲ್ಲ ಅಕ್ಕ. ಬರುವ ಗ್ರಾಮಸಭೆಗೆ ಅರ್ಜಿ ಬರೆಯುತ್ತಿದ್ದೇನೆ. ಬೇಡ ಅಂತ ಒಂದೇ ಸಾಲು ಬರೆದರೆ ಫೈಲಿನಲ್ಲಿ ಕೂರುತ್ತದೆ, ಹಾಗಾಗಿ ಪ್ರಶ್ನೆ ಕೇಳಿ ಬರೆಯುತ್ತೇನೆ. ಎಷ್ಟು ಮೆಗಾವ್ಯಾಟ್, ಯಾವ ಸಬ್‌ಸ್ಟೇಷನ್, ಎಷ್ಟು ಕೆವಿ. ಯಾವ ಸರ್ವೆ ನಂಬರ್, ಅದರಲ್ಲಿ ಕುಮ್ಕಿ ಎಷ್ಟು, ಡೀಮ್ಡ್ ಫಾರೆಸ್ಟ್ (ಕಾಡು ಅಂತ ಪರಿಗಣಿಸಿದ ಜಾಗ) ಎಷ್ಟು. ಮದಕ, ಸುರಂಗ, ತೋಡು ಗುರುತು ಮಾಡಿದ ನಕ್ಷೆ ಇದೆಯಾ. ನೆಲ ಸಮ ಮಾಡುತ್ತಾರಾ, ಅಥವಾ ಇದ್ದ ಹಾಗೆಯೇ ಕಂಬ ಊರಿ ಪ್ಯಾನೆಲ್ ಕೂರಿಸುತ್ತಾರಾ. ದನಕ್ಕೆ ದಾರಿ ಬಿಡುತ್ತಾರಾ. ಇಪ್ಪತ್ತೈದು ವರ್ಷ ಕಳೆದು ಪ್ಯಾನೆಲ್ ಹಳತಾದ ಮೇಲೆ ಆ ಗಾಜಿನ ರಾಶಿ ಯಾರದ್ದು. ಪಂಚಾಯತಿಗೆ ವರ್ಷಕ್ಕೆ ಎಷ್ಟು ತೆರಿಗೆ ಬರುತ್ತದೆ.

ಬಿಟ್ಟುಹೋದದ್ದು ಇದ್ದರೆ ಹೇಳಿ.

ಕುಮಾರಧಾರ ದಡದವ

ಗುತ್ತಿಗೆ ಬೇರೆಯವರಿಗೆ ವರ್ಗ ಮಾಡಬಹುದಾ ಅಂತ ಕೇಳಿ. ಸಹಿ ಹಾಕುವಾಗ ಒಂದು ಕಂಪನಿ ಇರುತ್ತದೆ, ತೊಂದರೆ ಹೇಳಲು ಹೋದಾಗ ಬೋರ್ಡ್ ಬದಲಾಗಿರುತ್ತದೆ.

ಶೀಟ್ ಮಾಡಿನ ಮನೆ

ಪ್ಯಾನೆಲ್ ತೊಳೆಯಲು ಬೇಸಿಗೆಯಲ್ಲಿ ನೀರು ಎಲ್ಲಿಂದ ಅಂತಲೂ ಕೇಳಿ. ಬೋರ್‌ವೆಲ್ ಅಂದರೆ ಅಲ್ಲೇ ಹಿಡಿಯಿರಿ.

ಮಣಿಪಾಲದ ಇಂಜಿನಿಯರ್

ಅರ್ಜಿಯ ಕರಡು ಕಳಿಸಿ, ತಾಂತ್ರಿಕ ಭಾಗ ನಾನು ನೋಡಿಕೊಡುತ್ತೇನೆ. ಯೋಜನೆ ಬರಬೇಕು ಅನ್ನುವವ ನಾನು, ಅದು ಬದಲಾಗಿಲ್ಲ. ಆದರೆ ಈ ಪ್ರಶ್ನೆಗಳಿಗೆ ಉತ್ತರ ಇಲ್ಲದೆ ಬರುವುದು ಬೇಡ.

ಪದವಿನ ಬದಿಯವ

ಕಳಿಸುತ್ತೇನೆ ಸರ್. ಸುರಂಗದ ನಕ್ಷೆ ಮಾಡಿದ ಅನುಭವ ಇರುವವರು ಯಾರಾದರೂ ಬಂಟ್ವಾಳ ಅಥವಾ ಪುತ್ತೂರು ಕಡೆ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮಳೆ ಶುರುವಾಗುವ ಮೊದಲು ಒಮ್ಮೆ ಪದವು ಸುತ್ತಬೇಕು, ಆಮೇಲೆ ಹುಲ್ಲು ಬೆಳೆದರೆ ಸುರಂಗದ ಬಾಯಿ ಕಾಣುವುದಿಲ್ಲ.